ಕಿವಿಯನ್ನು ನಂಬಿಸುವ ಯಂತ್ರ, ಕೈಗೆ ಕಲಿಸುವ ಯಂತ್ರ



1934ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳಿಗೆ ಕೊಟ್ಟಿದ್ದ ವಿಮಾನ ಅಂಚೆಯ ಗುತ್ತಿಗೆಗಳನ್ನು ರದ್ದು ಮಾಡಿ, ಟಪಾಲು ಸಾಗಿಸುವ ಕೆಲಸವನ್ನು ಸೇನೆಯ ಪೈಲಟ್‌ಗಳಿಗೆ ವಹಿಸಿದರು. ಚಳಿಗಾಲ, ಹಿಮ, ಮಂಜು, ಅದರ ಮೇಲೆ ರಾತ್ರಿಯ ಹಾರಾಟ. ಆ ಹುಡುಗರು ತಿಳಿ ಆಕಾಶದಲ್ಲಿ, ನೆಲ ಕಾಣುವಾಗ ಹಾರಿಸಿ ಗೊತ್ತಿದ್ದವರು. ಮೋಡದೊಳಗೆ ಬರೀ ಮೀಟರುಗಳನ್ನು ನಂಬಿ ಹಾರಿಸುವ ಅಭ್ಯಾಸ ಅವರಲ್ಲಿ ಬಹುಮಂದಿಗೆ ಇರಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ದೇಶದಲ್ಲಿ ಗದ್ದಲವೆದ್ದಿತು. ಆಗ ಸೇನೆ ತಿರುಗಿ ನೋಡಿದ್ದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಮಾಡಿಟ್ಟಿದ್ದ ಒಂದು ಪೆಟ್ಟಿಗೆಯ ಕಡೆಗೆ.

ಲಿಂಕ್‌ನ ತಂದೆಯದು ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ. ಮಗನಿಗೆ ಹಾರುವ ಹುಚ್ಚು. 1920ರಲ್ಲಿ ಆತ ಐವತ್ತು ಡಾಲರ್ ತೆತ್ತು ಮೊದಲ ಪಾಠಕ್ಕೆ ಹೋದಾಗ ಗುರು ಅವನನ್ನು ಆಕಾಶದಲ್ಲಿ ಸುತ್ತಾಡಿಸಿದನೇ ಹೊರತು ಚುಕ್ಕಾಣಿ ಮುಟ್ಟಲು ಬಿಡಲಿಲ್ಲ. ಇಷ್ಟು ದುಬಾರಿ ವಿದ್ಯೆಯನ್ನು ನೆಲದ ಮೇಲೆಯೇ ಅಗ್ಗವಾಗಿ ಕಲಿಸಲು ಬರುವುದಿಲ್ಲವೇ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ತಂದೆಯ ಕಾರ್ಖಾನೆಯಲ್ಲಿ ಆರ್ಗನ್‌ಗೆ ಗಾಳಿಯೂದುವ ತಿದಿಗಳು ಕೈಗೆಟುಕುವಂತಿದ್ದವು. ಮೊಂಡು ರೆಕ್ಕೆಗಳ ಪುಟ್ಟದೊಂದು ಮರದ ವಿಮಾನ, ಅದರ ಅಡಿಯಲ್ಲಿ ಆ ತಿದಿಗಳು. ಒಳಗೆ ಕೂತವನು ಚಾಲನೆಯ ಕೋಲನ್ನು ಎಳೆದಂತೆ ಒಂದು ತಿದಿ ಉಬ್ಬುತ್ತಿತ್ತು, ಇನ್ನೊಂದು ಕುಗ್ಗುತ್ತಿತ್ತು, ಇಡೀ ಪೆಟ್ಟಿಗೆ ವಾಲುತ್ತಿತ್ತು. 1929ರ ಹೊತ್ತಿಗೆ ಯಂತ್ರ ಸಿದ್ಧವಾಯಿತು. ವಿಮಾನ ಶಾಲೆಗಳು ಅದನ್ನು ಕಣ್ಣೆತ್ತಿ ನೋಡಲಿಲ್ಲ. ಕೊಂಡವರು ಮನರಂಜನಾ ಪಾರ್ಕಿನವರು. ನಾಣ್ಯ ಹಾಕಿ ಕೂತು ಆಡುವ ಆಟವಾಗಿ ಅದು ಕೆಲವು ವರ್ಷ ಬದುಕಿತು. 1934ರ ಆ ಸಾವುಗಳ ನಂತರ ಸೇನೆ ತಲಾ 3,500 ಡಾಲರ್ ಕೊಟ್ಟು ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಅಂಥ 10,000ಕ್ಕೂ ಹೆಚ್ಚು ಯಂತ್ರಗಳು ತಯಾರಾಗಿದ್ದವು, ಸುಮಾರು ಐದು ಲಕ್ಷ ಜನ ಅವುಗಳಲ್ಲಿ ಕೂತು ಕಲಿತಿದ್ದರು.

ನೀರಿಗಿಳಿಯದೆ ಈಜು ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಲಿಂಕ್ ಮಾಡಿದ್ದು ನೀರಿಲ್ಲದೆ ಈಜು ಕಲಿಸುವ ಸಾಹಸ, ಅದೂ ಪಾರ್ಕಿನ ಆಟದ ಸಾಮಾನಿನಿಂದ. ಈ ಹುಟ್ಟಿನ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಅಲುಗಾಡುವ ಕುರ್ಚಿ, ಕಣ್ಣಿಗೆ ಕಟ್ಟುವ ಹೆಡ್‌ಸೆಟ್, ಆರು ಕಾಲುಗಳ ಮೇಲೆ ನಿಂತ ಸಿಮ್ಯುಲೇಟರ್ ಎಲ್ಲವೂ ಆಟ ಮತ್ತು ತರಬೇತಿ ಎಂಬ ಎರಡು ಮನೆಗಳ ನಡುವೆ ಓಡಾಡಿಕೊಂಡೇ ಬೆಳೆದಿವೆ. ಒಂದೇ ಯಂತ್ರ ಎರಡೂ ಕಡೆ ದುಡಿಯುವುದರಿಂದ ನಮಗೊಂದು ಭ್ರಮೆ ಹುಟ್ಟಿದೆ: ಯಂತ್ರ ಎಷ್ಟು ಚೆನ್ನಾಗಿ ನಂಬಿಸುತ್ತದೋ ಅಷ್ಟೇ ಚೆನ್ನಾಗಿ ಕಲಿಸುತ್ತದೆ ಎಂದು. ಇವೆರಡೂ ಬೇರೆ ಬೇರೆ ಗುಣಗಳು ಎಂಬುದಷ್ಟೇ ನನ್ನ ಇಂದಿನ ವಾದ. ಮೊದಲನೆಯದಕ್ಕೆ ಹಣ ಕೊಟ್ಟು ಎರಡನೆಯದು ತಾನಾಗಿ ಬಂದೀತು ಎಂದು ಕಾಯ್ದವರು ಭಾರಿ ಬೆಲೆ ತೆತ್ತಿದ್ದಾರೆ.

ಮೊದಲು ನಂಬಿಸುವ ಕಲೆಯನ್ನು ನೋಡೋಣ. ನಾವು ಅಲುಗುತ್ತಿದ್ದೇವೆಂದು ನಮಗೆ ತಿಳಿಸುವ ಮುಖ್ಯ ಅಂಗ ಒಳಕಿವಿ. ಅಲ್ಲಿ ಒಂದಕ್ಕೊಂದು ಅಡ್ಡಲಾಗಿ ನಿಂತ ಮೂರು ಅರ್ಧವೃತ್ತದ ನಾಳಗಳಿವೆ, ಒಳಗೆ ದ್ರವವಿದೆ. ತಲೆ ತಿರುಗಿದಾಗ ದ್ರವ ತಕ್ಷಣ ತಿರುಗದೆ ಹಿಂದುಳಿಯುತ್ತದೆ, ಆ ಹಿಂದುಳಿಕೆಯೇ ಮೆದುಳಿಗೆ ಸುದ್ದಿ. ಇವುಗಳ ಪಕ್ಕದಲ್ಲೇ ಸಣ್ಣ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ಮುಂದೆ ಹಿಂದೆ ನೂಕಿದ್ದನ್ನೂ ಭೂಮಿಯ ಸೆಳೆತ ಯಾವ ಕಡೆಗಿದೆ ಎಂಬುದನ್ನೂ ಅವು ಹೇಳುತ್ತವೆ. ಈ ವ್ಯವಸ್ಥೆ ನಡೆಯಲು, ಓಡಲು, ಮರ ಹತ್ತಲು ಸಾಕು. ಮೋಡದೊಳಗೆ ಹಾರಲು ಸಾಲದು. ವಿಮಾನ ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ನಾಳದ ದ್ರವವೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತದೆ, ತಿರುಗುತ್ತಿದ್ದೇವೆಂಬ ಭಾವನೆಯೇ ಅಳಿಸಿಹೋಗುತ್ತದೆ. ಆಗ ಪೈಲಟ್ ವಿಮಾನವನ್ನು ಸರಿಮಾಡಿದರೆ ಎದುರು ದಿಕ್ಕಿಗೆ ವಾಲಿದಂತೆ ಅನ್ನಿಸುತ್ತದೆ. ಆ ಅನ್ನಿಸಿಕೆಯನ್ನು ನಂಬಿ ಮತ್ತೆ ಮೊದಲಿನ ತಿರುವಿಗೇ ವಿಮಾನವನ್ನು ಮರಳಿಸಿ, ಸುರುಳಿಯಲ್ಲಿ ಇಳಿಯುತ್ತಾ ನೆಲಕ್ಕೆ ಬಿದ್ದವರು ಅದೆಷ್ಟೋ.

ಇಲ್ಲಿ ಲಿಂಕ್‌ನ ಪೆಟ್ಟಿಗೆಯ ನಿಜವಾದ ಹಿರಿಮೆ ಕಾಣುತ್ತದೆ. ಅದಕ್ಕೆ ಕಿಟಕಿಯ ನೋಟ ಇರಲಿಲ್ಲ. ಮುಚ್ಚಳ ಮುಚ್ಚಿದರೆ ಒಳಗೆ ಮೀಟರುಗಳು ಮಾತ್ರ. ತಿದಿಗಳ ವಾಲಾಟ ನಿಜವಾದ ವಿಮಾನದ ಚಲನೆಯನ್ನು ಹೋಲುತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೂ ಅದು ಜೀವ ಉಳಿಸಿತು, ಯಾಕೆಂದರೆ ಅದು ಕಲಿಸಿದ್ದು ಒಂದೇ ಪಾಠ: ನಿನ್ನ ಮೈ ಏನೇ ಹೇಳಲಿ, ಮೀಟರ್ ಹೇಳಿದ್ದನ್ನು ಮಾಡು. ಮೈಯನ್ನು ನಂಬಿಸುವ ಯಂತ್ರದ ಮೊದಲ ದೊಡ್ಡ ಗೆಲುವು ಮೈಯನ್ನು ನಂಬದಿರಲು ಕಲಿಸಿದ್ದರಲ್ಲಿತ್ತು. ನಮ್ಮ ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ಇಂದಿಗೂ ಪೈಲಟ್‌ಗಳಿಗೆ ಇದೇ ಪಾಠವನ್ನು ಹೇಳಿಕೊಡುತ್ತಿದೆ. ದಿಕ್ಕು ತಪ್ಪಿಸುವ ಸಾಧನದಲ್ಲಿ ಕೂರಿಸಿ, ಅವರ ಒಳಕಿವಿ ಹೇಗೆ ಮೋಸಹೋಗುತ್ತದೆಂದು ಅವರಿಗೇ ತೋರಿಸುವುದು ಅಲ್ಲಿನ ತರಬೇತಿಯ ಒಂದು ಭಾಗ. ಗಗನಯಾನಕ್ಕೆ ವಾಯುಪಡೆಯ ಪೈಲಟ್‌ಗಳ ಮೊದಲ ಹಂತದ ಆಯ್ಕೆ ನಡೆದದ್ದೂ ಆ ಸಂಸ್ಥೆಯಲ್ಲಿಯೇ.

ತಿದಿಗಳ ಕಾಲ ಮುಗಿದ ಮೇಲೆ ಬಂದದ್ದು ಆರು ಕಾಲುಗಳ ವೇದಿಕೆ. ಇದಕ್ಕೆ ಒಬ್ಬನೇ ತಂದೆಯಿಲ್ಲ. ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ಎರಿಕ್ ಗಾಫ್ 1950ರ ದಶಕದಲ್ಲಿ ಟೈರುಗಳನ್ನು ಎಲ್ಲ ದಿಕ್ಕಿನಿಂದ ಒತ್ತಿ ಪರೀಕ್ಷಿಸಲು ಇಂಥದ್ದೊಂದನ್ನು ಕಟ್ಟಿದ. 1965ರಲ್ಲಿ ಸ್ಟಿವರ್ಟ್ ಎಂಬಾತ ಹಾರಾಟದ ತರಬೇತಿಗೆಂದೇ ಒಂದು ವೇದಿಕೆಯ ಪ್ರಬಂಧ ಪ್ರಕಟಿಸಿದ, ಹೆಸರು ಅವನದೇ ನಿಂತಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕ್ಲಾಸ್ ಕ್ಯಾಪೆಲ್ ಪೇಟೆಂಟಿಗೆ ಅರ್ಜಿ ಹಾಕಿದ್ದ. ಆರೂ ಕಾಲುಗಳು ಬೇರೆ ಬೇರೆ ಅಳತೆಗೆ ಚಾಚಿ ಕುಗ್ಗಿದರೆ ಮೇಲಿನ ಕೋಣೆ ಮುಂದೆ ಹಿಂದೆ, ಎಡ ಬಲ, ಮೇಲೆ ಕೆಳಗೆ ಸರಿಯುತ್ತದೆ, ಮೂರು ರೀತಿ ವಾಲಿ ಹೊರಳುತ್ತದೆ. ಒಟ್ಟು ಆರು ಬಗೆಯ ಚಲನೆ.

ಆದರೆ ಕಾಲುಗಳ ಚಾಚು ಒಂದೆರಡು ಮೀಟರಿನೊಳಗೆ ಮುಗಿಯುತ್ತದೆ. ನಿಜವಾದ ವಿಮಾನ ರನ್‌ವೇ ಮೇಲೆ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ವೇಗ ಹೆಚ್ಚಿಸಿಕೊಳ್ಳುತ್ತಾ ಓಡುತ್ತದೆ. ಆ ನೂಕನ್ನು ಇಷ್ಟು ಸಣ್ಣ ಜಾಗದಲ್ಲಿ ಕೊಡುವುದು ಹೇಗೆ? ಇಲ್ಲಿಯ ಉಪಾಯ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಮೊದಲು ಕೋಣೆ ಮುಂದಕ್ಕೆ ಒಂದು ಜಿಗಿತ ಜಿಗಿಯುತ್ತದೆ. ಆಮೇಲೆ, ಒಳಕಿವಿಯ ನಾಳಗಳಿಗೆ ಗೊತ್ತಾಗದಷ್ಟು ನಿಧಾನವಾಗಿ, ಮೂಗನ್ನು ಮೇಲೆತ್ತಿ ಹಿಂದಕ್ಕೆ ವಾಲುತ್ತದೆ. ಪರದೆಯ ಮೇಲಿನ ದಿಗಂತ ಮಾತ್ರ ಮಟ್ಟಸವಾಗಿಯೇ ಇರುತ್ತದೆ. ಈಗ ಬೆನ್ನನ್ನು ಸೀಟಿಗೆ ಒತ್ತುತ್ತಿರುವುದು ಭೂಮಿಯ ಸೆಳೆತ. ವಿಮಾನದ ವೇಗ ಹೆಚ್ಚುತ್ತಿದೆಯೆಂದು ಮೆದುಳು ಅದನ್ನು ಓದಿಕೊಳ್ಳುತ್ತದೆ. ವೇಗ ಹೆಚ್ಚುವಾಗಿನ ನೂಕಿಗೂ ಭೂಮಿಯ ಸೆಳೆತಕ್ಕೂ ಮೈಯೊಳಗಿಂದ ವ್ಯತ್ಯಾಸ ಹೇಳಲಾಗದೆಂದು ಐನ್‌ಸ್ಟೈನ್ 1907ರಲ್ಲಿ ಕಂಡುಕೊಂಡದ್ದು ಹೀಗೆ ಕೆಲಸಕ್ಕೆ ಬಂತು. ಜಿಗಿತ ಮುಗಿದ ಮೇಲೆ ಕೋಣೆ ಕೂತವರಿಗೆ ತಿಳಿಯದಂತೆ ಮೆಲ್ಲಗೆ ಮಧ್ಯಕ್ಕೆ ಮರಳಿ ಮುಂದಿನ ಜಿಗಿತಕ್ಕೆ ಸಿದ್ಧವಾಗುತ್ತದೆ. ಯುದ್ಧ ವಿಮಾನದ ತೀವ್ರ ತಿರುವುಗಳಲ್ಲಿ ಮೈಮೇಲೆ ಬೀಳುವ ಹಲವು ಪಟ್ಟು ಭಾರವನ್ನು ಕೊಡಲು ಮಾತ್ರ ಈ ಉಪಾಯ ಸಾಲುವುದಿಲ್ಲ. ಅದಕ್ಕೆ ಉದ್ದನೆಯ ತೋಳಿನ ತುದಿಯಲ್ಲಿ ಮನುಷ್ಯನನ್ನು ಕೂರಿಸಿ ಗಿರಗಿರನೆ ತಿರುಗಿಸುವ ಸೆಂಟ್ರಿಫ್ಯೂಜ್ ಬೇಕು.

ಈ ನಂಬಿಸುವ ಕಲೆಯಲ್ಲಿ ಮನರಂಜನೆಯವರು ಮೊದಲಿನಿಂದಲೂ ಮುಂದೆ. 1905ರ ಸುಮಾರಿಗೆ ಅಮೆರಿಕದ ಕನ್ಸಾಸ್ ಸಿಟಿಯ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ ಜಾರ್ಜ್ ಹೇಲ್ ಜನರನ್ನು ರೈಲು ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಎಂಜಿನ್ನಿನ ಮುಂಭಾಗದಿಂದ ತೆಗೆದ ಸಿನಿಮಾ ತೋರಿಸುತ್ತಾ, ಡಬ್ಬಿಯನ್ನು ಕುಲುಕಾಡಿಸುತ್ತಿದ್ದ. ಮಾರ್ಟನ್ ಹೈಲಿಗ್ ಎಂಬ ಛಾಯಾಗ್ರಾಹಕ 1962ರಲ್ಲಿ ಪೇಟೆಂಟ್ ಪಡೆದ ಸೆನ್ಸೊರಾಮಾದಲ್ಲಿ ಮೂರು ಆಯಾಮದ ಚಿತ್ರದ ಜೊತೆ ಅದುರುವ ಕುರ್ಚಿ, ಮುಖಕ್ಕೆ ಗಾಳಿ, ವಾಸನೆ ಎಲ್ಲ ಇತ್ತು. ಹಣ ಹಾಕುವವರು ಸಿಗದೆ ಅದು ಅಲ್ಲಿಗೇ ನಿಂತಿತು. 1968ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ಕಟ್ಟಿಕೊಳ್ಳುವ ಕಂಪ್ಯೂಟರ್ ಪರದೆಯನ್ನು ತೋರಿಸಿದಾಗ ಅದರ ಭಾರವನ್ನು ತಡೆಯಲು ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಕಾಣುತ್ತಿದ್ದದ್ದು ಬರೀ ಗೆರೆಗಳ ಆಕೃತಿ. ಆದರೆ ತಲೆ ತಿರುಗಿಸಿದರೆ ಆ ಆಕೃತಿಯೂ ತಕ್ಕಂತೆ ತಿರುಗುತ್ತಿತ್ತು, ಇಂದಿನ ವರ್ಚುವಲ್ ರಿಯಾಲಿಟಿ ಹುಟ್ಟಿದ್ದು ಅಲ್ಲಿ. 1987ರ ಜನವರಿಯಲ್ಲಿ ಡಿಸ್ನಿಲ್ಯಾಂಡ್ ತನ್ನ ಸ್ಟಾರ್ ಟೂರ್ಸ್ ಆಟವನ್ನು ತೆರೆದಾಗ ಅದರ ಅಡಿಯ ವೇದಿಕೆ ಬಂದದ್ದು ಬ್ರಿಟನ್ನಿನ ರೆಡಿಫ್ಯೂಷನ್ ಎಂಬ ವಿಮಾನ ಸಿಮ್ಯುಲೇಟರ್ ಕಂಪನಿಯಿಂದ. ಪಾರ್ಕಿನಿಂದ ವಾಯುಪಡೆಗೆ ಹೋದದ್ದು ಮತ್ತೆ ಪಾರ್ಕಿಗೆ ಬಂತು. ಇಂದು ನಮ್ಮ ಮಾಲ್‌ಗಳಲ್ಲಿ ಮಕ್ಕಳು ಹೆಡ್‌ಸೆಟ್ ಹಾಕಿಕೊಂಡು ಕಿರುಚುವ ಕುರ್ಚಿಗಳೂ ಇದೇ ವಂಶದವು. ಮಕ್ಕಳು ಸಂತೋಷಪಡುತ್ತಾರೆ, ಅದು ಒಳ್ಳೆಯದೇ. ಆಟದಲ್ಲಿ ನಂಬಿಸಿದರೆ ಕೆಲಸ ಮುಗಿಯಿತು.

ಹೆಡ್‌ಸೆಟ್ ಹಾಕಿದ ಕೆಲವರಿಗೆ ಹೊಟ್ಟೆ ತೊಳಸುವುದೇಕೆಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಒಳಕಿವಿ ಕೂತಿದ್ದೇನೆ ಅನ್ನುತ್ತದೆ. ಈ ಜಗಳವೇ ವಾಕರಿಕೆಯ ಮೂಲವೆಂಬುದು ಹೆಚ್ಚಿನ ಸಂಶೋಧಕರು ಒಪ್ಪುವ ವಿವರಣೆ. ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದುವವರಿಗೆ ಆಗುವುದೂ ಇದೇ, ಅಲ್ಲಿ ಮಾತು ಅದಲುಬದಲಾಗುತ್ತದೆ ಅಷ್ಟೆ. ತಲೆ ತಿರುಗಿಸಿದ ಮೇಲೆ ಚಿತ್ರ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂದು ತಯಾರಕರು ಹೆಣಗುವುದು ಇದಕ್ಕಾಗಿ. ತರಬೇತಿಯಲ್ಲಿ ಇದರ ಇನ್ನೊಂದು ಮುಖವಿದೆ. ಹೊಟ್ಟೆ ತೊಳಸುವವನು ತಲೆ ಅಲುಗಿಸುವುದನ್ನೇ ಕಡಿಮೆ ಮಾಡುತ್ತಾನೆ. ಅಕ್ಕಪಕ್ಕ ನೋಡದಿರುವ ಅಭ್ಯಾಸವನ್ನು ಸಿಮ್ಯುಲೇಟರ್‌ನಲ್ಲಿ ಕಲಿತು ಹೊರಬಂದರೆ ರಸ್ತೆಯಲ್ಲಾಗಲಿ ಆಕಾಶದಲ್ಲಾಗಲಿ ಅದು ಅಪಾಯ.

ಇನ್ನು ಕಲಿಸುವ ಗುಣಕ್ಕೆ ಬರೋಣ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ಕಿರಿಯ ವೈದ್ಯರಲ್ಲಿ ಅರ್ಧ ಜನರಿಗೆ ವರ್ಚುವಲ್ ರಿಯಾಲಿಟಿ ಯಂತ್ರದಲ್ಲಿ ಅಭ್ಯಾಸ ಮಾಡಿಸಿದರು, ಉಳಿದವರಿಗೆ ಮಾಮೂಲಿನ ತರಬೇತಿ. ಆಮೇಲೆ ಎಲ್ಲರೂ ರೋಗಿಗಳ ಮೇಲೆ ಕೊಳವೆಯ ಮೂಲಕ ಪಿತ್ತಕೋಶ ಬಿಡಿಸುವ ಶಸ್ತ್ರಚಿಕಿತ್ಸೆ ಮಾಡಿದರು. ಯಂತ್ರದಲ್ಲಿ ಪಳಗಿದವರು ಶೇ 29ರಷ್ಟು ಬೇಗ ಮುಗಿಸಿದರು. ಪಳಗದವರಿಂದ ಪಿತ್ತಕೋಶಕ್ಕೆ ಗಾಯವಾಗುವ ಅಥವಾ ಬೇಡದ ಜಾಗ ಸುಟ್ಟುಹೋಗುವ ಸಂಭವ ಐದು ಪಟ್ಟು ಹೆಚ್ಚಿತ್ತು. ಗಮನಿಸಬೇಕಾದದ್ದು ಆ ಯಂತ್ರದ ಸ್ವರೂಪ. ಅದರಲ್ಲಿ ಪಿತ್ತಕೋಶದ ಚಿತ್ರವೂ ಇರಲಿಲ್ಲ, ರಕ್ತವೂ ಇರಲಿಲ್ಲ. ಪರದೆಯ ಮೇಲೆ ಗೋಲಿಗಳು, ಚೌಕಗಳು, ಅವುಗಳನ್ನು ಎರಡು ಕೈಗಳಿಂದ ಹಿಡಿದು ಸರಿಸಬೇಕು, ತಪ್ಪಿದರೆ ಯಂತ್ರ ಲೆಕ್ಕ ಇಡುತ್ತದೆ. ನಿಗದಿಯಾದ ಮಟ್ಟ ಮುಟ್ಟುವವರೆಗೂ ಬಿಡುಗಡೆಯಿಲ್ಲ. ಕಣ್ಣಿಗೆ ಏನೇನೂ ನೈಜವಲ್ಲದ ಯಂತ್ರ ಕೈಗೆ ನಿಜವಾದದ್ದನ್ನು ಕಲಿಸಿತ್ತು.

ಇಂಥದ್ದೇ ಮತ್ತೊಂದು ಕಥೆ ಚಂದ್ರನದು. 1969ರ ಜುಲೈ ಮೊದಲ ವಾರ, ಅಪೊಲೊ 11ರ ಉಡಾವಣೆಗೆ ಕೆಲವೇ ದಿನ ಬಾಕಿ. ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿಯ ಕೊನೆಯ ಅಭ್ಯಾಸಗಳಲ್ಲಿ ತರಬೇತುದಾರ ರಿಚರ್ಡ್ ಕೂಸ್ ಇಳಿಯುವ ಹೊತ್ತಿನಲ್ಲಿ ಕಂಪ್ಯೂಟರ್ ಒಂದು ಅಪರೂಪದ ಎಚ್ಚರಿಕೆಯ ಸಂಖ್ಯೆ ತೋರಿಸುವಂತೆ ಮಾಡಿದ. ಕೊಠಡಿಯಲ್ಲಿದ್ದವರಿಗೆ ಅದರ ಅರ್ಥ ಗೊತ್ತಾಗಲಿಲ್ಲ. ಮಾರ್ಗದರ್ಶನದ ಹೊಣೆ ಹೊತ್ತಿದ್ದ ಸ್ಟೀವ್ ಬೇಲ್ಸ್ ಇಳಿಯುವುದನ್ನು ಕೈಬಿಡಲು ಹೇಳಿದ. ಅಭ್ಯಾಸ ಮುಗಿದ ಮೇಲೆ ಕೂಸ್ ಸ್ಪಷ್ಟವಾಗಿ ಹೇಳಿದ: ಕೈಬಿಟ್ಟದ್ದು ತಪ್ಪು, ಅದು ಇಳಿಯುವುದನ್ನು ನಿಲ್ಲಿಸಬೇಕಾದ ಎಚ್ಚರಿಕೆಯಲ್ಲ. ಮುಖ್ಯಸ್ಥ ಜೀನ್ ಕ್ರಾಂಜ್ ಎಲ್ಲ ಎಚ್ಚರಿಕೆಗಳ ಪಟ್ಟಿ ಮಾಡಿಸಿದ. ಕಿರಿಯ ಎಂಜಿನಿಯರ್ ಜ್ಯಾಕ್ ಗಾರ್ಮನ್ ಅದನ್ನು ಕೈಯಲ್ಲಿ ಬರೆದುಕೊಂಡು ಮೇಜಿನ ಗಾಜಿನಡಿ ಇಟ್ಟುಕೊಂಡ. ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ನೆಲಕ್ಕೆ ಇಳಿಯುತ್ತಿರುವಾಗ 1202 ಎಂಬ ಎಚ್ಚರಿಕೆ ಬಂತು. ಕೆಲವೇ ಸೆಕೆಂಡುಗಳಲ್ಲಿ ಮುಂದುವರಿಯಿರಿ ಎಂಬ ಉತ್ತರ ಹೋಯಿತು. ಆ ಉತ್ತರದ ಹಿಂದೆ ಯಂತ್ರಕ್ಕಿಂತ ಹೆಚ್ಚಾಗಿ, ಯಾವ ತೊಂದರೆ ಕೊಟ್ಟರೆ ಇವರು ಕಲಿಯುತ್ತಾರೆಂದು ರಾತ್ರಿ ಹಗಲು ಯೋಚಿಸಿದ ಒಬ್ಬ ಮೇಷ್ಟ್ರು ಇದ್ದ.

ಇನ್ನು ನೋವಿನ ಉದಾಹರಣೆ. 2001ರ ನವೆಂಬರ್ 12ರಂದು ಅಮೆರಿಕನ್ ಏರ್‌ಲೈನ್ಸ್‌ನ 587ನೇ ವಿಮಾನ ನ್ಯೂಯಾರ್ಕಿನಿಂದ ಏರಿತು. ಮುಂದೆ ಹೋಗಿದ್ದ ದೊಡ್ಡ ವಿಮಾನವೊಂದರ ಹಿಂದೆ ಉಳಿದಿದ್ದ ಗಾಳಿಯ ಸುಳಿಗೆ ಅದು ಸಿಕ್ಕಿ ಸ್ವಲ್ಪ ಅಲುಗಿತು. ಹಾರಿಸುತ್ತಿದ್ದ ಸಹ ಪೈಲಟ್ ಬಾಲದ ರಡ್ಡರನ್ನು ಕಾಲಿನಿಂದ ಬಲಕ್ಕೂ ಎಡಕ್ಕೂ ಮೇಲಿಂದ ಮೇಲೆ ಜೋರಾಗಿ ಒತ್ತಿದ. ಬಾಲದ ನೇರ ರೆಕ್ಕೆ ಆ ಹೊಡೆತ ತಾಳಲಾರದೆ ಮುರಿದುಬಿತ್ತು. ವಿಮಾನದಲ್ಲಿದ್ದ 260 ಜನರೂ ನೆಲದ ಮೇಲಿದ್ದ ಐವರೂ ಸತ್ತರು. ತನಿಖಾ ಮಂಡಳಿ ಮುಖ್ಯ ಕಾರಣವೆಂದು ಹೇಳಿದ್ದು ಆ ಅನಗತ್ಯವಾದ ಒತ್ತುವಿಕೆಯನ್ನು. ಅದಕ್ಕೆ ನೆರವಾದ ಕಾರಣಗಳಲ್ಲಿ ಆ ವಿಮಾನದ ರಡ್ಡರ್‌ನ ಸ್ವಭಾವದ ಜೊತೆಗೆ ಕಂಪನಿಯ ತರಬೇತಿಯ ಕೆಲವು ಅಂಶಗಳೂ ಇದ್ದವು. ಸಿಮ್ಯುಲೇಟರ್‌ನ ಒಂದು ಪಾಠದಲ್ಲಿ ಗಾಳಿಯ ಸುಳಿಗೆ ಸಿಕ್ಕ ವಿಮಾನ ತೀರಾ ವಾಲಿಕೊಳ್ಳುವಂತೆ ಮಾಡಲು, ಪೈಲಟ್ ಏನು ಮಾಡಿದರೂ ಸ್ವಲ್ಪ ಹೊತ್ತು ಯಂತ್ರ ಸ್ಪಂದಿಸದಂತೆ ಬರೆಯಲಾಗಿತ್ತು. ಕೂತವರು ಕಲಿತದ್ದು ಏನು? ಸುಳಿ ಎಂದರೆ ಘೋರ, ನನ್ನ ಒತ್ತಡ ಸಾಲುವುದಿಲ್ಲ, ಇನ್ನೂ ಒತ್ತಬೇಕು. ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಇದ್ಯಾವುದೂ ನಿಜವಲ್ಲ. ಬಾಲದ ಮೇಲೆ ಬೀಳುವ ಬಲವನ್ನು ತಿಳಿಸಲು ಆ ವೇದಿಕೆಗೆ ದಾರಿಯೂ ಇರಲಿಲ್ಲ. ಪಾಠ ಬರೆದವರ ಉದ್ದೇಶ ಪೈಲಟ್‌ಗಳನ್ನು ರಕ್ಷಿಸುವುದೇ ಆಗಿತ್ತು. ಅನುಭವ ಹೆಚ್ಚು ನಾಟಕೀಯವಾಗಲಿ ಎಂದು ಸತ್ಯವನ್ನು ಸ್ವಲ್ಪ ಬಗ್ಗಿಸಿದರು. ಆಟದ ಯಂತ್ರಕ್ಕೆ ಒಪ್ಪುವ ಗುಣ ಪಾಠದ ಯಂತ್ರದೊಳಗೆ ನುಸುಳಿತು.

ಬೋಯಿಂಗ್ 737 ಮ್ಯಾಕ್ಸ್ ವಿಷಯದಲ್ಲಿ ಆದದ್ದು ಬೇರೆ. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಎರಡು ವಿಮಾನಗಳು ಬಿದ್ದು 346 ಜನ ಸತ್ತರು. ಹಳೆಯ 737 ಹಾರಿಸುತ್ತಿದ್ದವರು ಹೊಸದಕ್ಕೆ ಬರುವಾಗ ಸಿಮ್ಯುಲೇಟರ್ ಬೇಕಿಲ್ಲ, ಕಂಪ್ಯೂಟರಿನಲ್ಲಿ ಸಣ್ಣ ಪಾಠ ಓದಿದರೆ ಸಾಕು ಎಂದು ತೀರ್ಮಾನವಾಗಿತ್ತು. ಮೂಗನ್ನು ತಾನಾಗಿ ಕೆಳಕ್ಕೆ ತಳ್ಳುವ ಹೊಸ ವ್ಯವಸ್ಥೆಯ ಹೆಸರೂ ಆ ಪಾಠದಲ್ಲಿ ಇರಲಿಲ್ಲ. ಎರಡನೆಯ ಅಪಘಾತದ ಬಳಿಕ, ಸಿಮ್ಯುಲೇಟರ್ ತಂತ್ರಾಂಶದಲ್ಲೂ ಕೊರತೆಯಿದ್ದು ತಿದ್ದಿದ್ದೇವೆ ಎಂದು ಕಂಪನಿ ಒಪ್ಪಿಕೊಂಡಿತು. ಸಿಮ್ಯುಲೇಟರ್ ತರಬೇತಿ ಬೇಕೆಂದು ಅದೇ ಕಂಪನಿ ಶಿಫಾರಸು ಮಾಡಿದ್ದು 2020ರ ಜನವರಿಯಲ್ಲಿ. ಇಂದಿನ ಅತ್ಯುನ್ನತ ದರ್ಜೆಯ ಸಿಮ್ಯುಲೇಟರ್‌ಗಳಲ್ಲಿ ಕಲಿತ ಅನುಭವಿ ಪೈಲಟ್, ಹೊಸ ಮಾದರಿಯ ನಿಜವಾದ ವಿಮಾನವನ್ನು ಮೊದಲ ಸಲ ಹಾರಿಸುವಾಗಲೇ ಹಿಂದೆ ಪ್ರಯಾಣಿಕರು ಕೂತಿರಬಹುದು. ಅಷ್ಟು ನಂಬಿಕೆಯನ್ನು ನಾವು ಈ ಯಂತ್ರಗಳ ಮೇಲೆ ಇಟ್ಟಿದ್ದೇವೆ. ಆ ನಂಬಿಕೆಯನ್ನು ಉಳಿಸುವುದು ಒಳಗಿನ ಲೆಕ್ಕದ ಪ್ರಾಮಾಣಿಕತೆ, ಕಾಲುಗಳ ಸಂಖ್ಯೆಯಲ್ಲ.

ನಮ್ಮ ಊರಿನ ಕಡೆಗೆ ಬಂದರೆ, ಹೆಲಿಕಾಪ್ಟರ್ ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಕೊಡುವ ಅಕಾಡೆಮಿಯೊಂದನ್ನು ಎಚ್‌ಎಎಲ್ ಕೆನಡಾದ ಸಿಎಇ ಕಂಪನಿಯೊಡನೆ ಸೇರಿ 2010ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿತು. ಒಂದೇ ವೇದಿಕೆಯ ಮೇಲೆ ಬೇರೆ ಬೇರೆ ಹೆಲಿಕಾಪ್ಟರ್‌ಗಳ ಕಾಕ್‌ಪಿಟ್ ಬದಲಿಸಿ ಕೂರಿಸುವ ವ್ಯವಸ್ಥೆ ಅಲ್ಲಿಯದು, ನಮ್ಮ ಧ್ರುವ್ ಕೂಡ ಅವುಗಳಲ್ಲೊಂದು. ಹೆಡ್‌ಸೆಟ್‌ಗಳೂ ಈಗ ಗಂಭೀರ ತರಬೇತಿಯ ಬಾಗಿಲೊಳಗೆ ಬಂದಿವೆ. 2021ರಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಮೊದಲ ಬಾರಿಗೆ ವರ್ಚುವಲ್ ರಿಯಾಲಿಟಿ ಆಧಾರಿತ ಹೆಲಿಕಾಪ್ಟರ್ ತರಬೇತಿ ಸಾಧನಕ್ಕೆ ಮಾನ್ಯತೆ ಕೊಟ್ಟಿತು. ಸಿಮ್ಯುಲೇಟರ್‌ಗಳ ಹಳೆಯ ಗುಮ್ಮಟದಾಕಾರದ ಪರದೆಗಳಿಗೆ ಹೋಲಿಸಿದರೆ ಇದು ಬಹಳ ಅಗ್ಗ, ಅಗ್ಗವಾದದ್ದು ಬೇಗ ಹರಡುತ್ತದೆ.

ಬೇಗ ಹರಡುವ ಜಾಗ ಆಕಾಶವಲ್ಲ, ರಸ್ತೆ. ನನ್ನ ಮನಸ್ಸನ್ನು ಹೆಚ್ಚು ಕಾಡುವುದೂ ಅದೇ. 2021ರ ಕೇಂದ್ರದ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ಇರಲೇಬೇಕು. ಲಘು ವಾಹನಕ್ಕೆ ಅಲ್ಲಿ 29 ಗಂಟೆಯ ಪಾಠ. ಅದನ್ನು ಮುಗಿಸಿ ತೇರ್ಗಡೆಯಾದವರಿಗೆ ಆರ್‌ಟಿಒ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಅಂದರೆ ನಮ್ಮ ಎದುರಿನಿಂದ ಬರುವ ವಾಹನದ ಚಾಲಕ ಏನು ಕಲಿತಿದ್ದಾನೆಂಬುದನ್ನು ಆ ಯಂತ್ರದೊಳಗೆ ಬರೆದ ಪಾಠವೂ ನಿರ್ಧರಿಸಲಿದೆ. ಆ ಪಾಠದಲ್ಲಿ ಯಾವ ರಸ್ತೆಯಿದೆ? ಗೆರೆ ಎಳೆದ, ಸಾಲುದೀಪದ, ಎಲ್ಲರೂ ತಮ್ಮ ಸಾಲಿನಲ್ಲೇ ಹೋಗುವ ಯಾವುದೋ ದೇಶದ ಹೆದ್ದಾರಿ ಇದ್ದರೆ ಕಲಿತವನಿಗೆ ಸ್ಟಿಯರಿಂಗ್ ತಿರುಗಿಸಲು ಬರುತ್ತದೆ ಅಷ್ಟೆ. ಮಂಡ್ಯದ ರಸ್ತೆಯಲ್ಲಿ ರಾತ್ರಿ ಹಿಂದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್, ಶಿರಾಡಿ ಘಾಟಿಯ ಮಳೆಗಾಲದ ಮಂಜು, ಭಾರ ಹೊತ್ತು ಚಾರ್ಮಾಡಿ ಇಳಿಯುವಾಗ ಬ್ರೇಕ್ ಕಾದು ಹಿಡಿತ ಬಿಡುವ ಹೊತ್ತು, ಊರೊಳಗಿನ ಹಂಪಿನ ಮೇಲೆ ಹಿಂದೆ ಕೂತ ಹೆಂಗಸಿನೊಡನೆ ತೂಗಾಡುವ ಸ್ಕೂಟರ್, ಇವೆಲ್ಲ ಆ ಯಂತ್ರದೊಳಗೆ ಬರಬೇಕು. ಚಿತ್ರ ಗೊಂಬೆಯಾಟದಂತಿದ್ದರೂ ನನಗೆ ಚಿಂತೆಯಿಲ್ಲ, ಕುರ್ಚಿ ಅಲುಗದಿದ್ದರೂ ಚಿಂತೆಯಿಲ್ಲ. ಇಳಿಜಾರಿನಲ್ಲಿ ಗೇರ್ ಯಾವಾಗ ಇಳಿಸಬೇಕೆಂಬುದು ಕೈಗೂ ಕಾಲಿಗೂ ರೂಢಿಯಾಗಿರಬೇಕು.

ಈ ಪಾಠಗಳನ್ನು ಬರೆಯಬಲ್ಲವರು ನಮ್ಮಲ್ಲಿದ್ದಾರೆ. ಮೂವತ್ತು ವರ್ಷ ಘಾಟಿಗಳಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿ ಒಂದೂ ಅಪಘಾತ ಮಾಡದೆ ನಿವೃತ್ತರಾದ ಚಾಲಕರು ಹಾಸನದಲ್ಲಿ, ಪುತ್ತೂರಿನಲ್ಲಿ, ಸಾಗರದಲ್ಲಿ ಮನೆಯಲ್ಲಿ ಕೂತಿದ್ದಾರೆ. ಯಾವ ತಿರುವಿನಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತು. ಕಲಿಯುವವನು ಎಲ್ಲಿ ತಪ್ಪುತ್ತಾನೆಂದೂ ಗೊತ್ತು. ಈ ಸಭೆಯಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು: ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ರೋಲರ್ ಕೋಸ್ಟರ್ ಕಟ್ಟಬೇಡಿ. ಅಂಥ ಒಬ್ಬ ಚಾಲಕರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, ಘಾಟಿಯ ಒಂದೇ ಒಂದು ಇಳಿತವನ್ನು ಅವರು ಹೇಳಿದಂತೆ ಬರೆಯಿರಿ. ಅವರು ತಲೆಯಾಡಿಸುವವರೆಗೂ ತಿದ್ದಿ. ಆಮೇಲೆ ಯೇಲ್‌ನ ವೈದ್ಯರು ಮಾಡಿದಂತೆ ಅದರಲ್ಲಿ ಕಲಿತವರನ್ನೂ ಕಲಿಯದವರನ್ನೂ, ತರಬೇತುದಾರರನ್ನು ಜೊತೆಗೆ ಕೂರಿಸಿ, ನಿಜವಾದ ಇಳಿಜಾರಿನಲ್ಲಿ ಓಡಿಸಿ ಲೆಕ್ಕ ಇಡಿ. ಫಲಿತಾಂಶ ಏನೇ ಬರಲಿ, ಅದನ್ನು ಸಾರಿಗೆ ಇಲಾಖೆಯ ಮುಂದಿಡಿ.